ಹಯಾಟಸ್ ಹರ್ನಿಯಾ: ತೊಡಕುಗಳು ಮತ್ತು ತುರ್ತು ಶಸ್ತ್ರಚಿಕಿತ್ಸೆ

ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯಲ್ಲಿ ಅನ್ನನಾಳ ಇಳಿದುಬರಲು ಒಂದು ಕಿಂಡಿ ಇದೆ. ಆ ಕಿಂಡಿ ಸಡಿಲಗೊಂಡು, ಅದರ ಮೂಲಕ ಜಠರ ಎದೆಯೊಳಕ್ಕೆ ಏರಿಹೋಗುವ ಸ್ಥಿತಿಯೇ ಹಯಾಟಸ್ ಹರ್ನಿಯಾ. ಕೆಲವೊಮ್ಮೆ ಜಠರದ ಜೊತೆ ಬೇರೆ ಅಂಗಗಳೂ ಏರುತ್ತವೆ. ಇದಿರುವ ಬಹುಮಂದಿಗೆ ಎದೆಯುರಿ, ಹುಳಿತೇಗು ಬಿಟ್ಟರೆ ಬೇರೆ ತೊಂದರೆ ಇರುವುದಿಲ್ಲ. ಎಷ್ಟೋ ಮಂದಿಗೆ ಅದೂ ಇಲ್ಲ. ಆದರೆ ಮೇಲೇರಿದ ಜಠರ ತಿರುಚಿಕೊಂಡರೆ, ಕಿಂಡಿಯಲ್ಲಿ ಸಿಕ್ಕಿಕೊಂಡು ರಕ್ತಸಂಚಾರ ಕಳೆದುಕೊಂಡರೆ, ಕೊಳೆತು ತೂತುಬಿದ್ದರೆ, ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರುತ್ತದೆ. ಈ ತುರ್ತಿನ ಚಿಕಿತ್ಸೆಯನ್ನು ವೈದ್ಯಗ್ರಂಥಗಳು ಶಸ್ತ್ರಚಿಕಿತ್ಸಾ ಕೊಠಡಿಯಿಂದ ಆರಂಭಿಸಿ ವಿವರಿಸುತ್ತವೆ. ಕುಂದಾಪುರ ತಾಲ್ಲೂಕಿನ ಸಿದ್ದಾಪುರದಂಥ ಘಟ್ಟದ ಬುಡದ ಊರಿನಲ್ಲಿ ನಿಂತು ನೋಡಿದರೆ ಅದರ ಆರಂಭ ಬೇರೆ ಕಡೆ ಕಾಣುತ್ತದೆ: ರೋಗಿಯ ಮನೆಯ ಜಗಲಿಯಲ್ಲಿ, ‘ಗ್ಯಾಸ್ ಆಯ್ತ್’ ಎಂದು ಯಾರೋ ಹೇಳಿದ ಮಾತಿನಲ್ಲಿ.

ಇಲ್ಲಿ ಹೇಳುತ್ತಿರುವುದು ಉತ್ತರ ಕನ್ನಡದ ತಾಲ್ಲೂಕು ಕೇಂದ್ರವಾದ ಸಿದ್ದಾಪುರದ ವಿಷಯವಲ್ಲ. ಉಡುಪಿ ಜಿಲ್ಲೆಯಲ್ಲಿ, ಕುಂದಾಪುರದಿಂದ ಪೂರ್ವಕ್ಕೆ, ಹೊಸಂಗಡಿ ಮತ್ತು ಬಾಳೆಬರೆ ಘಟ್ಟದ ದಾರಿಯಲ್ಲಿರುವ ಸಿದ್ದಾಪುರದ್ದು. ಕಮಲಶಿಲೆ, ಶಂಕರನಾರಾಯಣ, ಅಮಾಸೆಬೈಲು ಇದರ ಆಸುಪಾಸಿನ ಊರುಗಳು. ಅಡಿಕೆ ತೋಟ, ಗದ್ದೆ, ಕಾಡಿನ ನಡುವೆ ಚದುರಿದ ಒಂಟಿ ಮನೆಗಳು ಇಲ್ಲಿ ಹೆಚ್ಚು. ಘಟ್ಟದ ಮೇಲಿನ ಹುಲಿಕಲ್ ರಾಜ್ಯದಲ್ಲೇ ಅತಿಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದವರು ಇಲ್ಲಿಂದ ಕುಂದಾಪುರಕ್ಕಿಳಿದು, ಅಲ್ಲಿಂದ ಹೆದ್ದಾರಿ ಹಿಡಿದು ಉಡುಪಿ ಅಥವಾ ಮಣಿಪಾಲಕ್ಕೆ ಹೋಗುತ್ತಾರೆ. ಅಥವಾ ಹಾಲಾಡಿ ಕಡೆಯಿಂದ ಒಳದಾರಿಯಲ್ಲಿ ಸಾಗುತ್ತಾರೆ. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಈ ಸೀಮೆಯ ಕಠಿಣ ಕಾಯಿಲೆಗಳೆಲ್ಲ ಅತ್ತ ಹರಿಯತೊಡಗಿದವು. ‘ಮಣಿಪಾಲಕ್ಕೆ ಬರೆದುಕೊಟ್ಟರು’ ಎಂದರೆ ಕಾಯಿಲೆ ದೊಡ್ಡದು ಎಂದೇ ಇಲ್ಲಿನವರಿಗೆ ಅರ್ಥ.

ಬಗೆಗಳು

ಅನ್ನನಾಳದ ಕಿಂಡಿ ಇರುವುದು ಹತ್ತನೆಯ ಎದೆಕಶೇರುವಿನ ಮಟ್ಟದಲ್ಲಿ. ಅದರ ಎರಡು ಬದಿಯ ಸ್ನಾಯುಪಟ್ಟಿಗಳನ್ನು ಕ್ರೂರಾ ಎನ್ನುತ್ತಾರೆ. ಅನ್ನನಾಳವನ್ನು ಕಿಂಡಿಯ ಅಂಚಿಗೆ ಹಿಡಿದಿಡುವ ತೆಳುವಾದ ಪೊರೆಯೊಂದಿದೆ. ಉಸಿರೆಳೆದಾಗಲೆಲ್ಲ ಎದೆಯೊಳಗಿನ ಒತ್ತಡ ತಗ್ಗುತ್ತದೆ, ಹೊಟ್ಟೆಯ ಒತ್ತಡ ಏರುತ್ತದೆ. ಹೀಗೆ ಹಗಲಿರುಳು ಮೇಲಕ್ಕೆ ಸೆಳೆತವಿರುವ ಜಾಗದಲ್ಲಿ ವಯಸ್ಸಾದಂತೆ ಪೊರೆ ಬಿಗಿ ಕಳೆದುಕೊಳ್ಳುತ್ತದೆ. ಬೊಜ್ಜು, ಬೆನ್ನು ಗೂನಾಗುವುದು, ಹಳೆಯ ಕೆಮ್ಮು, ಮಲಬದ್ಧತೆ, ಮೇಲಿಂದ ಮೇಲೆ ಬಸಿರು ಇವೆಲ್ಲ ಅದಕ್ಕೆ ನೆರವಾಗುತ್ತವೆ. ತೊಡಕಿನೊಂದಿಗೆ ಆಸ್ಪತ್ರೆಗೆ ಬರುವವರಲ್ಲಿ ಬೆನ್ನು ಬಾಗಿದ ಹಿರಿಯ ಹೆಂಗಸರೇ ಹೆಚ್ಚಾಗಿರುವುದು ಜಗತ್ತಿನ ಎಲ್ಲೆಡೆಯ ಅನುಭವ.

ವೈದ್ಯರು ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದರಲ್ಲಿ ಅನ್ನನಾಳವೂ ಜಠರವೂ ಕೂಡುವ ಜಾಗವೇ ಮೇಲಕ್ಕೆ ಜಾರುತ್ತದೆ. ನೂರರಲ್ಲಿ ಸುಮಾರು 95 ಹರ್ನಿಯಾಗಳು ಈ ಜಾರುವ ಬಗೆಯವು. ಇವು ತುರ್ತುಸ್ಥಿತಿಗೆ ಹೋಗುವುದು ತೀರಾ ಅಪರೂಪ. ಎರಡನೆಯದರಲ್ಲಿ ಆ ಕೂಡುಜಾಗ ತನ್ನ ನೆಲೆಯಲ್ಲೇ ಇದ್ದು, ಜಠರದ ಮೇಲ್ಗುಮ್ಮಟ ಅನ್ನನಾಳದ ಪಕ್ಕದಿಂದ ಮೇಲೇರುತ್ತದೆ. ಮೂರನೆಯದು ಇವೆರಡರ ಬೆರಕೆ. ನಾಲ್ಕನೆಯದರಲ್ಲಿ ದೊಡ್ಡ ಕರುಳು, ಗುಲ್ಮ, ಸಣ್ಣ ಕರುಳು ಮುಂತಾದವೂ ಎದೆ ಸೇರುತ್ತವೆ. ತುರ್ತು ಶಸ್ತ್ರಚಿಕಿತ್ಸೆಯ ಪ್ರಶ್ನೆ ಏಳುವುದು ಬಹುಪಾಲು ಈ ಕೊನೆಯ ಮೂರು ಬಗೆಗಳಲ್ಲಿ.

ಇವುಗಳಿಂದ ಬೇರೆಯಾಗಿ ಇಡಬೇಕಾದ ಇನ್ನೊಂದು ತುರ್ತು ಇದೆ. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರಲ್ಲಿ, ವಾಹನ ಅಪಘಾತದಲ್ಲಿ ಜಜ್ಜಿಹೋದವರಲ್ಲಿ ವಪೆಯೇ ಹರಿದು, ಹೆಚ್ಚಾಗಿ ಎಡಬದಿಯಲ್ಲಿ, ಹೊಟ್ಟೆಯ ಅಂಗಗಳು ಎದೆಗೆ ನುಗ್ಗಬಹುದು. ಎಕ್ಸ್‌ರೇಯಲ್ಲಿ ಎರಡೂ ಒಂದೇ ರೀತಿ ಕಾಣಬಹುದು. ಆದರೆ ಅದು ಕಿಂಡಿಯ ಹರ್ನಿಯಾ ಅಲ್ಲ. ಬಿದ್ದು ಎಷ್ಟೋ ವರ್ಷಗಳಾದ ಮೇಲೂ ಅಂಥ ಹರಕಿನಲ್ಲಿ ಕರುಳು ಸಿಕ್ಕಿಕೊಳ್ಳುವುದುಂಟು. ಹಾಗಾಗಿ ಅಡಿಕೆ ಸೀಮೆಯಲ್ಲಿ ‘ಯಾವತ್ತಾದರೂ ಮರದಿಂದ ಬಿದ್ದದ್ದುಂಟೇ’ ಎಂಬ ಪ್ರಶ್ನೆಯನ್ನು ಕೇಳಲೇಬೇಕು.

ತುರ್ತು ಹುಟ್ಟುವ ಬಗೆ

ಮೇಲೇರಿದ ಜಠರ ಎದೆಯಲ್ಲಿ ತಲೆಕೆಳಗಾಗಿ ಕೂರುತ್ತದೆ. ಅದರ ಎರಡು ತುದಿಗಳು ಹತ್ತಿರ ಬರುವುದರಿಂದ ನಡುಭಾಗ ಹೊರಳಲು ಎಡೆ ಸಿಗುತ್ತದೆ. ಉದ್ದದ ಅಕ್ಷದ ಸುತ್ತ ಹೊರಳುವುದು ಹೆಚ್ಚು. ಮೂರರಲ್ಲಿ ಸುಮಾರು ಎರಡು ತಿರುಚುಗಳು ಈ ಬಗೆಯವು. ಅಡ್ಡ ಅಕ್ಷದ ಸುತ್ತ ಮಡಚಿಕೊಳ್ಳುವುದು ಉಳಿದ ಒಂದು ಪಾಲು. ತಿರುಚಿದ ಜಠರದ ಎರಡೂ ಬಾಯಿ ಮುಚ್ಚಿದಾಗ ಒಳಗೆ ನೀರೂ ಗಾಳಿಯೂ ತುಂಬಿ ಅದು ಉಬ್ಬುತ್ತದೆ. ಉಬ್ಬಿದಷ್ಟೂ ಕಿಂಡಿಯಲ್ಲಿ ಬಿಗಿಯಾಗುತ್ತದೆ. ಜಠರಕ್ಕೆ ನಾಲ್ಕು ದಿಕ್ಕಿನಿಂದ ರಕ್ತ ಹರಿದುಬರುವ ವ್ಯವಸ್ಥೆ ಇರುವುದರಿಂದ ಅದು ಕರುಳಿನಷ್ಟು ಬೇಗ ಸಾಯುವುದಿಲ್ಲ. ರೋಗಿಗೆ ಸಿಗುವ ಅವಕಾಶ ಇದೇ. ಆದರೆ ಮೊದಲು ಅಭಿಧಮನಿಗಳು ಮುಚ್ಚಿ, ಗೋಡೆ ಬಾತು, ಕೊನೆಗೆ ಅಪಧಮನಿಯ ಹರಿವೂ ನಿಂತರೆ ಗೋಡೆ ಕಪ್ಪಾಗಿ ತೂತುಬೀಳುತ್ತದೆ. ಕೊಳೆ ಎದೆಯ ನಡುಭಾಗಕ್ಕೋ ಹೊಟ್ಟೆಗೋ ಸೋರುತ್ತದೆ. ಉಬ್ಬಿದ ಜಠರ ಎಡ ಶ್ವಾಸಕೋಶವನ್ನೂ ಹೃದಯವನ್ನೂ ಒತ್ತುವುದೂ ಉಂಟು.

ಜಠರದ ತಿರುಚನ್ನು 1866ರಲ್ಲಿ ಇಟಲಿಯ ಬರ್ಟಿ ಶವಪರೀಕ್ಷೆಯೊಂದರಲ್ಲಿ ಕಂಡು ಬರೆದಿಟ್ಟ. ಜರ್ಮನಿಯ ಶಸ್ತ್ರವೈದ್ಯ ಮೊರಿಟ್ಜ್ ಬೋರ್ಕಾರ್ಟ್ 1904ರಲ್ಲಿ ಹೇಳಿದ ಮೂರು ಲಕ್ಷಣಗಳನ್ನು ಇಂದಿಗೂ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ: ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು, ಮತ್ತೆ ಮತ್ತೆ ಓಕರಿಕೆ ಬಂದರೂ ವಾಂತಿಯಾಗದಿರುವುದು, ಮೂಗಿನಿಂದ ಹಾಕುವ ರೈಲ್ಸ್ ಟ್ಯೂಬ್ ಜಠರಕ್ಕೆ ಇಳಿಯದಿರುವುದು. ಮೂರೂ ಎಲ್ಲರಲ್ಲೂ ಕೂಡಿ ಬರುವುದಿಲ್ಲ. ಈ ಲೇಖಕರ ಅಭಿಪ್ರಾಯದಲ್ಲಿ ಮೂರರಲ್ಲಿ ಎರಡನೆಯದಕ್ಕೇ ಬೆಲೆ ಹೆಚ್ಚು, ಏಕೆಂದರೆ ಅದನ್ನು ಗುರುತಿಸಲು ಯಾವ ಯಂತ್ರವೂ ಬೇಡ. ‘ಕಾರಬೇಕು ಅಂತ ಆಗುತ್ತದೆ, ಎಂತದೂ ಬತ್ತಿಲ್ಲೆ’ ಎಂದು ಎಪ್ಪತ್ತು ದಾಟಿದವರೊಬ್ಬರು ಎದೆಗುಳಿ ಹಿಡಿದುಕೊಂಡು ಹೇಳಿದರೆ ಮನೆಯವರೂ ಆಶಾ ಕಾರ್ಯಕರ್ತೆಯೂ ಆ ಕ್ಷಣಕ್ಕೇ ಎದ್ದು ನಿಲ್ಲಬೇಕು.

ಆಗುವುದೇ ಬೇರೆ. ಓಮದ ಕಷಾಯ, ಜೀರಿಗೆ ನೀರು, ಲಿಂಬೆ ಸೋಡಾ, ಈನೋ, ಇವೆಲ್ಲ ಒಂದಾದ ಮೇಲೊಂದು ಬರುತ್ತವೆ. ಮಾಮೂಲಿ ಅಜೀರ್ಣಕ್ಕೆ ಇವುಗಳಿಂದ ಸಮಾಧಾನವಾಗಬಹುದು. ಬಾಯಿ ಕಟ್ಟಿದ ಜಠರಕ್ಕೆ ಮಾತ್ರ ಕುಡಿಸಿದ್ದೆಲ್ಲ ಹೊರೆ. ಸೋಡಾ ಮತ್ತು ಈನೋದ ಗಾಳಿ ಉಬ್ಬರವನ್ನು ಇನ್ನೂ ಏರಿಸುತ್ತದೆ, ಗಂಟಲಲ್ಲಿ ನಿಂತದ್ದು ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ. ಇಂಥ ನೋವಿನಲ್ಲಿ ಬಾಯಿಗೆ ಏನೂ ಕೊಡದೆ, ಒರಗಿಸಿ ಕೂರಿಸಿ, ವಾಹನಕ್ಕೆ ಹೇಳುವುದೇ ಮನೆಯವರು ಮಾಡಬಹುದಾದ ಚಿಕಿತ್ಸೆ. 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರ ನವೆಂಬರ್‌ನಿಂದ ಇದೆ.

ರೋಗನಿರ್ಣಯ

ಹೊಟ್ಟೆಯ ಮೇಲ್ಭಾಗದ ನೋವಿಗೆ ಮೊದಲು ಇ.ಸಿ.ಜಿ. ತೆಗೆಯಲೇಬೇಕು, ಹೃದಯಾಘಾತವೂ ಹೀಗೇ ಕಾಣಿಸಿಕೊಳ್ಳುತ್ತದೆ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಬಳಗ ಹಳ್ಳಿಯ ಕ್ಲಿನಿಕ್ಕುಗಳಿಗೆ ಇ.ಸಿ.ಜಿ. ಯಂತ್ರ ಕೊಟ್ಟು, ಗೆರೆಗಳನ್ನು ವಾಟ್ಸಾಪಿನಲ್ಲಿ ತಜ್ಞರು ಓದುವ ಏರ್ಪಾಡು ಮಾಡಿದ ಮೇಲೆ ಕರಾವಳಿಯಲ್ಲಿ ಈ ಹೆಜ್ಜೆ ಸುಲಭವಾಗಿದೆ. ತೊಂದರೆ ಬರುವುದು ಅದರ ನಂತರ. ಇ.ಸಿ.ಜಿ. ಸರಿಯಿದೆ ಎಂದಾಕ್ಷಣ ‘ಹಾರ್ಟಿನದ್ದಲ್ಲ, ಗ್ಯಾಸು’ ಎಂದು ಎಲ್ಲರೂ ಉಸಿರು ಬಿಡುತ್ತಾರೆ. ಹೃದಯದ್ದಲ್ಲ ಎಂದು ಗೊತ್ತಾದದ್ದು ಅರ್ಧ ಉತ್ತರ ಮಾತ್ರ. ನೋವು ಮತ್ತು ಓಕರಿಕೆ ನಿಂತಿಲ್ಲವಾದರೆ ಎದೆಯ ಎಕ್ಸ್‌ರೇ ಆಗಲೇಬೇಕು.

ಹೊಟ್ಟೆ ಮುಟ್ಟಿ ನೋಡಿದ ವೈದ್ಯರೂ ಮೋಸಹೋಗುವುದುಂಟು. ಕೆಟ್ಟುಹೋದ ಅಂಗ ಎದೆಯಲ್ಲಿರುವುದರಿಂದ ಹೊಟ್ಟೆ ಮೆತ್ತಗೇ ಇರುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಹೃದಯದ ನೆರಳಿನ ಹಿಂದೆ ಗಾಳಿ ಮೇಲೆ, ನೀರು ಕೆಳಗೆ ಇರುವ ಸಮಗೆರೆ ಕಂಡರೆ ಸಂಶಯ ಬಲವಾಗುತ್ತದೆ. ಇದನ್ನೇ ಶ್ವಾಸಕೋಶದ ಹೊರಪೊರೆಯಲ್ಲಿ ಸೇರಿಕೊಂಡ ಗಾಳಿ-ನೀರೆಂದು ತಿಳಿದು ಎದೆಗೆ ಕೊಳವೆ ಚುಚ್ಚಿದರೆ ಅದು ನೇರ ಜಠರಕ್ಕೇ ಹೋಗುತ್ತದೆ. ಇಂಥ ಅನಾಹುತಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ರೈಲ್ಸ್ ಟ್ಯೂಬ್ ಹಾಕಿ ಇನ್ನೊಂದು ಎಕ್ಸ್‌ರೇ ತೆಗೆದರೆ, ಕೊಳವೆ ಎದೆಯೊಳಗೇ ಸುತ್ತಿಕೊಂಡಿರುವುದು ಕಂಡು ಗುಟ್ಟು ಬಯಲಾಗುತ್ತದೆ.

ನಿರ್ಣಾಯಕ ಪರೀಕ್ಷೆ ಸಿ.ಟಿ. ಸ್ಕ್ಯಾನ್, ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ತೆಗೆದದ್ದು. ಏನೇನು ಮೇಲೇರಿದೆ, ಎಲ್ಲಿ ಬಿಗಿದಿದೆ, ಗೋಡೆಗೆ ರಕ್ತ ಬರುತ್ತಿದೆಯೇ, ಗೋಡೆಯೊಳಗೆ ಗಾಳಿ ಸೇರಿದೆಯೇ, ಸೋರಿಕೆ ಇದೆಯೇ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ರಕ್ತದಲ್ಲಿ ಲ್ಯಾಕ್ಟೇಟ್ ಏರಿದ್ದರೆ ಕೊಳೆಯುವಿಕೆಯ ಶಂಕೆ ಬಲವಾಗುತ್ತದೆ. ಅದು ಸಹಜವಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ.

ಮೊದಲ ಗಂಟೆಗಳ ಚಿಕಿತ್ಸೆ

ಕುಂದಾಪುರದ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೇ ಮಾಡಬಹುದಾದದ್ದು ಬಹಳವಿದೆ. ರಕ್ತನಾಳಕ್ಕೆ ಲವಣದ ದ್ರವ, ಆಮ್ಲಜನಕ, ನೋವಿನ ಚುಚ್ಚುಮದ್ದು, ಆಂಟಿಬಯಾಟಿಕ್. ಎಲ್ಲಕ್ಕಿಂತ ಮುಖ್ಯವಾಗಿ ರೈಲ್ಸ್ ಟ್ಯೂಬ್. ಅದು ಇಳಿದು, ಒಂದೆರಡು ಲೀಟರ್ ಹಳಸಿದ ದ್ರವ ಹೊರಬಂದರೆ ನೋವು ಅರ್ಧಕ್ಕಿಳಿಯುತ್ತದೆ, ಉಸಿರಾಟ ಸರಾಗವಾಗುತ್ತದೆ, ಗೋಡೆಗೆ ರಕ್ತ ಮರಳುತ್ತದೆ. ಇಳಿಯದಿದ್ದರೆ ಬಲವಂತ ಮಾಡಬಾರದು. ತಿರುಚಿದ ಜಾಗದಲ್ಲಿ ತೂತಾಗುವ ಅಪಾಯವಿದೆ. ಕೊಳವೆ ಎಷ್ಟು ದೂರ ಹೋಗಿ ನಿಂತಿತು ಎಂಬುದನ್ನು ರೆಫರಲ್ ಚೀಟಿಯಲ್ಲಿ ಬರೆದು, ಮುಂದಿನ ಆಸ್ಪತ್ರೆಗೆ ಫೋನು ಮಾಡಿ ಹೇಳಿದರೆ ಅಲ್ಲಿನವರಿಗೆ ಒಂದು ತಾಸು ಉಳಿಯುತ್ತದೆ. ‘ಹೊಟ್ಟೆನೋವು, ಮುಂದಿನ ಚಿಕಿತ್ಸೆಗಾಗಿ’ ಎಂದು ಮಾತ್ರ ಬರೆದ ಚೀಟಿ ಹಿಡಿದು ಬಂದವರು ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ಮತ್ತೆ ಮೊದಲಿನಿಂದ ನಿಲ್ಲಬೇಕಾಗುತ್ತದೆ.

ಕೊಳವೆ ಹೋಗದವರಲ್ಲಿ, ರಕ್ತಸಂಚಾರ ಕೆಟ್ಟ ಲಕ್ಷಣವಿಲ್ಲದಿದ್ದರೆ, ಎಂಡೋಸ್ಕೋಪಿ ಮೂಲಕ ಗಾಳಿ-ನೀರು ಹೀರಿ ತಿರುಚನ್ನು ಬಿಡಿಸಲು ಯತ್ನಿಸುವುದುಂಟು. ಗಾಳಿ ಆದಷ್ಟು ಕಡಿಮೆ ತುಂಬಬೇಕು, ಅಂಟುಪೊರೆ ಕಪ್ಪಾಗಿ ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

ಇಲ್ಲಿಂದ ದಾರಿ ಮೂರಾಗುತ್ತದೆ. ಜಠರ ಬರಿದಾಗಿ ರೋಗಿ ಸುಧಾರಿಸಿದರೆ, ರಕ್ತದ ಲವಣಾಂಶ ಸರಿಪಡಿಸಿ, ಹೃದಯ-ಶ್ವಾಸಕೋಶ ನೋಡಿಕೊಂಡು, ಅದೇ ದಾಖಲಾತಿಯಲ್ಲಿ ಕೆಲವು ದಿನಗಳೊಳಗೆ ಶಸ್ತ್ರಚಿಕಿತ್ಸೆ. ನೋವು ಹೋಯಿತೆಂದು ಮನೆಗೆ ಕಳುಹಿಸಿದರೆ ತಿರುಚು ಮರುಕಳಿಸಬಹುದು. ಜಠರ ಬರಿದಾಗದಿದ್ದರೆ ಅದೇ ದಿನ. ಗೋಡೆ ಕೊಳೆತ, ತೂತುಬಿದ್ದ, ಸೋಂಕು ರಕ್ತಕ್ಕೇರಿದ ಲಕ್ಷಣವಿದ್ದರೆ ಒಂದು ಕಡೆ ದ್ರವ ಕೊಡುತ್ತಲೇ ಶಸ್ತ್ರಚಿಕಿತ್ಸಾ ಕೊಠಡಿಗೆ.

ರಕ್ತಸ್ರಾವದ ವಿಷಯ ಬೇರೆ. ಮೇಲೇರಿದ ಜಠರ ವಪೆಯ ಅಂಚಿಗೆ ಉಜ್ಜುವ ಜಾಗದಲ್ಲಿ ಗೀರಿನಂಥ ಹುಣ್ಣುಗಳಾಗುತ್ತವೆ. ಇವಕ್ಕೆ ಕ್ಯಾಮರಾನ್ ಹುಣ್ಣು ಎಂದು ಹೆಸರು, 1986ರಲ್ಲಿ ವಿವರಿಸಿದವರ ಹೆಸರಿನಿಂದ. ಅವು ಧಾರಾಕಾರ ಸುರಿಯುವುದು ಕಡಿಮೆ, ವರ್ಷಗಟ್ಟಲೆ ಜಿನುಗುವುದು ಹೆಚ್ಚು. ಕಬ್ಬಿಣಾಂಶದ ಗುಳಿಗೆ ಎಷ್ಟು ನುಂಗಿದರೂ ರಕ್ತ ಏರದ ಹಿರಿಯರಲ್ಲಿ ಈ ಕಾರಣವನ್ನೂ ನೆನೆಯಬೇಕು.

ಶಸ್ತ್ರಚಿಕಿತ್ಸೆ

ಅರಿವಳಿಕೆ ಕೊಡುವವರ ಕೆಲಸವೇ ಮೊದಲ ಗಂಡಾಂತರ. ತುಂಬಿದ ಜಠರದಿಂದ ದ್ರವ ಉಕ್ಕಿ ಶ್ವಾಸನಾಳಕ್ಕೆ ಇಳಿಯದಂತೆ ತಲೆಭಾಗ ಎತ್ತಿ, ಕ್ಷಿಪ್ರವಾಗಿ ಪ್ರಜ್ಞೆ ತಪ್ಪಿಸಿ ಕೊಳವೆ ಕೂರಿಸಬೇಕು.

ರೋಗಿಯ ರಕ್ತದೊತ್ತಡ ನೆಟ್ಟಗಿದ್ದು, ಅನುಭವಿ ತಂಡವಿದ್ದರೆ ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯೇ ಇಂದಿನ ಆಯ್ಕೆ. ಭಾರತದಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ 1990ರಲ್ಲಿ ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದಾಗ ಆರಂಭವಾದ ಪದ್ಧತಿ ಈಗ ಜಿಲ್ಲಾ ಕೇಂದ್ರಗಳಿಗೂ ತಲುಪಿದೆ. ಆದರೆ ಪಿತ್ತಕೋಶ ತೆಗೆಯಲು ಬಲ್ಲವರೆಲ್ಲ ಬಾತುಹೋದ ದೈತ್ಯ ಹರ್ನಿಯಾಕ್ಕೆ ಕೈಹಾಕುವಂತಿಲ್ಲ. ರೋಗಿ ಆಘಾತಸ್ಥಿತಿಯಲ್ಲಿದ್ದರೆ, ಕೊಳೆತದ್ದು ಖಚಿತವಿದ್ದರೆ, ಹೊಟ್ಟೆಯನ್ನು ತೆರೆಯುವುದೇ ಸುರಕ್ಷಿತ. ಎದೆಯ ನಡುಭಾಗ ಮಲಿನಗೊಂಡಿದ್ದರೆ ಎದೆಯನ್ನೂ ತೆರೆಯಬೇಕಾದೀತು.

ಕೆಲಸದ ಕ್ರಮ ಹೀಗೆ. ಯಕೃತ್ತಿನ ಎಡಹಾಳೆಯನ್ನು ಎತ್ತಿಹಿಡಿದು ಕಿಂಡಿಯನ್ನು ಕಾಣಬೇಕು. ಬಾತ ಜಠರ ಒದ್ದೆ ಕಾಗದದಂತೆ ಹರಿಯುವುದರಿಂದ ಹಿಡಿದೆಳೆಯಬಾರದು. ಬರದಿದ್ದರೆ ಕಿಂಡಿಯ ಅಂಚನ್ನೇ ತುಸು ಕೊಯ್ದು ಅಗಲಿಸಬಹುದು. ಕೆಳಗಿಳಿದ ಜಠರಕ್ಕೆ ಕೆಲವು ನಿಮಿಷ ಕೊಟ್ಟು ಬಣ್ಣ ಮರಳುವುದೇ ಎಂದು ನೋಡಬೇಕು. ಇಂಡೋಸಯನಿನ್ ಗ್ರೀನ್ ಎಂಬ ಬಣ್ಣದ ಚುಚ್ಚುಮದ್ದು ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ರಕ್ತದ ಹರಿವು ಕಾಣುವ ಸೌಲಭ್ಯ ಕೆಲವೆಡೆ ಬಂದಿದೆ. ಸತ್ತ ತುಂಡು ಚಿಕ್ಕದಾದರೆ ಅಷ್ಟನ್ನೇ ಕತ್ತರಿಸಿ ಸ್ಟೇಪಲ್ ಹಾಕುತ್ತಾರೆ. ಜಠರವಿಡೀ ಕಪ್ಪಾಗಿದ್ದರೆ ಪೂರ್ತಿ ತೆಗೆಯುವುದೊಂದೇ ದಾರಿ. ರೋಗಿ ತೀರಾ ಕುಸಿದಿದ್ದರೆ ಕೊಳೆತದ್ದನ್ನು ತೆಗೆದು, ಜೋಡಣೆಯನ್ನು ಮುಂದೂಡಿ, ತೀವ್ರನಿಗಾ ಘಟಕದಲ್ಲಿ ಚೇತರಿಸಿದ ಮೇಲೆ ಒಂದೆರಡು ದಿನ ಬಿಟ್ಟು ಮತ್ತೆ ಒಳಹೋಗುವುದುಂಟು.

ಸ್ಥಿತಿ ಅನುಮತಿಸಿದರೆ ಪೂರ್ಣ ದುರಸ್ತಿ: ಎದೆಯೊಳಗಿನ ಹರ್ನಿಯಾ ಚೀಲವನ್ನು ಬಿಡಿಸಿ ತೆಗೆಯುವುದು, ಅನ್ನನಾಳದ ಕೊನೆಯ 2ರಿಂದ 3 ಸೆಂಟಿಮೀಟರ್ ಎಳೆತವಿಲ್ಲದೆ ಹೊಟ್ಟೆಯಲ್ಲಿ ನಿಲ್ಲುವಂತೆ ಮಾಡುವುದು, ಕ್ರೂರಾಗಳನ್ನು ಹಿಂಬದಿಯಲ್ಲಿ ಹೊಲಿದು ಕಿಂಡಿ ಕಿರಿದಾಗಿಸುವುದು, ಜಠರದ ಗುಮ್ಮಟವನ್ನು ಅನ್ನನಾಳಕ್ಕೆ ಸುತ್ತಿ ಹೊಲಿಯುವುದು. ಈ ಸುತ್ತುಹೊಲಿಗೆ ರುಡಾಲ್ಫ್ ನಿಸ್ಸೆನ್ 1956ರಲ್ಲಿ ಪ್ರಕಟಿಸಿದ ವಿಧಾನ. ಅದಕ್ಕೂ ಮುಂಚೆ 1951ರಲ್ಲಿ ಫಿಲಿಪ್ ಆಲಿಸನ್ ಈ ಹರ್ನಿಯಾಕ್ಕೂ ಆಮ್ಲದ ಉಕ್ಕುವಿಕೆಗೂ ಇರುವ ನಂಟನ್ನು ಎತ್ತಿತೋರಿಸಿದ್ದ. ಹೊಲಿಗೆಗೆ ಬಲವಾಗಿ ಕಿಂಡಿಗೆ ಮೆಶ್ ಎಂಬ ಬಲೆ ಹಾಕಬೇಕೇ ಎಂಬುದು ಮುಗಿಯದ ಚರ್ಚೆ. ಓಲ್ಶ್‌ಲಾಗರ್ ಮತ್ತು ಸಂಗಡಿಗರು ಜೈವಿಕ ಮೆಶ್ ಬಳಸಿ ನಡೆಸಿದ ಪ್ರಯೋಗದಲ್ಲಿ ಆರು ತಿಂಗಳಿಗೆ ಮರುಕಳಿಕೆ ಮೆಶ್ ಇದ್ದವರಲ್ಲಿ ಶೇ. 9, ಇಲ್ಲದವರಲ್ಲಿ ಶೇ. 24 ಇತ್ತು. ಸುಮಾರು ಐದು ವರ್ಷಗಳ ಮೇಲೆ ನೋಡಿದರೆ ಶೇ. 54 ಮತ್ತು 59, ಅಂತರ ಕರಗಿಹೋಗಿತ್ತು. ಕೊಳೆತು ಸೋರಿದ ಜಾಗದಲ್ಲಂತೂ ಕೃತಕ ಮೆಶ್ ಹಾಕುವುದು ತರವಲ್ಲ.

ತುರ್ತಿನಲ್ಲಿ ಪೂರ್ಣ ದುರಸ್ತಿಯ ಹಟ ಬೇಡ ಎಂಬುದನ್ನು ಒತ್ತಿಹೇಳಬೇಕು. ಎಂಬತ್ತರ ಹರೆಯದ, ಹೃದಯವೂ ದುರ್ಬಲವಾದ ರೋಗಿಗೆ ಜಠರವನ್ನು ಕೆಳಗಿಳಿಸಿ, ಹೊಟ್ಟೆಯ ಮುಂಗೋಡೆಗೆ ಹೊಲಿದು ನಿಲ್ಲಿಸುವ ಗ್ಯಾಸ್ಟ್ರೋಪೆಕ್ಸಿ ಸಾಕು. ಬೇಕಾದರೆ ಒಂದು ಆಹಾರನಳಿಕೆ. ನಳಿಕೆ ಉಣಿಸಲೂ ಆಯಿತು, ಜಠರವನ್ನು ಹಿಡಿದಿಡಲೂ ಆಯಿತು. ಮುಂದೆ ಎಂದಾದರೂ ಹರ್ನಿಯಾ ಸ್ವಲ್ಪ ಮರುಕಳಿಸಬಹುದು. ಆದರೆ ಅವರು ಆ ರಾತ್ರಿ ಕಳೆದು ಬೆಳಗು ಕಾಣುತ್ತಾರೆ.

ಕಾಯುವುದೇ, ಮೊದಲೇ ಕೊಯ್ಯುವುದೇ

ಸ್ಕಿನ್ನರ್ ಮತ್ತು ಬೆಲ್ಸಿ 1967ರಲ್ಲಿ ಬರೆದ ಲೇಖನದಲ್ಲಿ ಅನ್ನನಾಳದ ಪಕ್ಕದ ಹರ್ನಿಯಾ ಇದ್ದೂ ಶಸ್ತ್ರಚಿಕಿತ್ಸೆಯಾಗದ 21 ಮಂದಿಯಲ್ಲಿ 6 ಮಂದಿ ತೊಡಕಿನಿಂದ ಸತ್ತಿದ್ದರು. ಅಲ್ಲಿಂದ ಮೂರು ದಶಕ ‘ಕಂಡೊಡನೆ ಕೊಯ್ಯಿರಿ’ ಎಂಬುದೇ ನಿಯಮವಾಯಿತು. 2002ರಲ್ಲಿ ಸ್ಟೈಲೋಪೌಲಸ್, ಗೆಜೆಲ್, ರಾಟ್ನರ್ ಅದನ್ನು ತಿರುವಿಹಾಕಿದರು. ಲಕ್ಷಣವಿಲ್ಲದ ಅಥವಾ ಅಲ್ಪಲಕ್ಷಣದ ರೋಗಿಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ವರ್ಷಕ್ಕೆ ಸುಮಾರು ಶೇ. 1.1 ಮಾತ್ರ, ತುರ್ತಿನಲ್ಲಿ ಸಾವು ಶೇ. 5.4, ಯೋಜಿತ ಶಸ್ತ್ರಚಿಕಿತ್ಸೆಯಲ್ಲಿ ಶೇ. 1.4; ಹಾಗಾಗಿ ಹೆಚ್ಚಿನವರಿಗೆ ಗಮನವಿಟ್ಟು ಕಾಯುವುದೇ ಮೇಲು ಎಂದು ಅವರ ಲೆಕ್ಕ.

ಲೆಕ್ಕ ಸರಿಯೇ, ಆದರೆ ಅದು ಅಮೆರಿಕದ ಆಸ್ಪತ್ರೆಗಳ ಅಂಕಿಗಳ ಮೇಲೆ ನಿಂತದ್ದು. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದ, ಮೊಬೈಲ್ ಸಿಗ್ನಲ್ ಸಿಗದ, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಹಿರಿಯರಿಬ್ಬರೇ ಉಳಿದ ತೋಟದ ಮನೆಗೆ ಆ ಅಂಕಿಗಳನ್ನು ಹಾಗೇ ತಂದು ಅನ್ವಯಿಸಲಾಗದು. ದೊಡ್ಡ ಹರ್ನಿಯಾ ಇದೆಯೆಂದು ಗೊತ್ತಾಗಿ, ಉಂಡೊಡನೆ ಎದೆ ಕಟ್ಟುವುದು, ಊಟ ನಿಲ್ಲದಿರುವುದು, ನಡೆದರೆ ಏದುಸಿರು, ಏರದ ರಕ್ತಹೀನತೆ ಇವುಗಳಲ್ಲೊಂದು ಕಾಣಿಸಿಕೊಂಡಿದ್ದರೆ, ದೇಹ ತಡೆಯುವಂತಿದ್ದರೆ, ಇಂಥ ಊರಿನವರು ಮಳೆಗಾಲಕ್ಕೆ ಮುಂಚೆ ಯೋಜಿತ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಒಳಿತೆಂದು ಈ ಲೇಖಕರು ನಂಬುತ್ತಾರೆ. ಏನೂ ತೊಂದರೆಯಿಲ್ಲದವರು ಕಾಯಬಹುದು. ಆದರೆ ಅಪಾಯದ ಲಕ್ಷಣಗಳನ್ನು ಮನೆಮಂದಿಗೆಲ್ಲ ಕನ್ನಡದಲ್ಲಿ ತಿಳಿಹೇಳಿ, ಸ್ಕ್ಯಾನಿನ ವರದಿಯನ್ನು ಪಡಿತರ ಚೀಟಿಯ ಜೊತೆ ಕೈಗೆ ಸಿಗುವಲ್ಲಿ ಇಟ್ಟಿರಬೇಕು.

ನಂತರದ ದಿನಗಳು

ಮೊದಲ ವಾರಗಳಲ್ಲಿ ಓಕರಿಕೆಯೇ ದೊಡ್ಡ ಶತ್ರು. ಒಂದು ಬಲವಾದ ಓಕರಿಕೆಗೆ ಹೊಲಿಗೆ ಬಿಟ್ಟು ಜಠರ ಮತ್ತೆ ಮೇಲೇರಬಹುದು. ಆದ್ದರಿಂದ ವಾಕರಿಕೆಗೆ ಔಷಧಿಯನ್ನು ಮುಂಚಿತವಾಗಿಯೇ ಕೊಡುತ್ತಾರೆ. ಎದ್ದು ನಡೆಸುವುದು, ಉಸಿರಿನ ವ್ಯಾಯಾಮ ಮರುದಿನದಿಂದಲೇ ಶುರು. ಜಠರ ಕತ್ತರಿಸಿದ್ದರೆ ಕಾಂಟ್ರಾಸ್ಟ್ ಔಷಧಿ ಕುಡಿಸಿ ಸೋರಿಕೆ ಇಲ್ಲವೆಂದು ನೋಡಿ ಬಾಯಿಗೆ ಕೊಡುವುದು ವಾಡಿಕೆ. ಆಹಾರ ನೀರಿನಿಂದ ಗಂಜಿತಿಳಿಗೆ, ಗಂಜಿತಿಳಿಯಿಂದ ನುಣ್ಣಗೆ ಬೆಂದ ಗಂಜಿಗೆ ಮೆಲ್ಲಮೆಲ್ಲಗೆ ಏರಬೇಕು. ಕುಚ್ಚಲಕ್ಕಿಯ ಇಡಿ ಅಗುಳು, ಒಣ ಚಪಾತಿ, ಮಾಂಸದ ತುಂಡು ಕೆಲವು ವಾರ ದೂರ. ನುಂಗುವಾಗ ಗಂಟಲ ಕೆಳಗೆ ಸಿಕ್ಕಿದಂತಾಗುವುದು ಊತ ಇಳಿದಂತೆ ಹೋಗುತ್ತದೆ. ಭಾರ ಎತ್ತುವುದು, ಮಲವಿಸರ್ಜನೆಗೆ ತಿಣುಕುವುದು ಕೂಡದು.

ಸುತ್ತುಹೊಲಿಗೆ ಆದವರಿಗೆ ತೇಗು, ವಾಂತಿ ಸುಲಭವಾಗಿ ಬರುವುದಿಲ್ಲ. ಇದನ್ನು ಬಿಡುಗಡೆ ಚೀಟಿಯಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಸಿದ್ದಾಪುರದಲ್ಲಿ ಅವರನ್ನು ನೋಡುವ ವೈದ್ಯರಿಗೂ ತಲುಪಿಸಬೇಕು. ಆರು ತಿಂಗಳ ಮೇಲೋ ಆರು ವರ್ಷದ ಮೇಲೋ ಅದೇ ರೋಗಿ ಎದೆಗುಳಿ ಹಿಡಿದುಕೊಂಡು, ಓಕರಿಸುತ್ತ ಬಂದಾಗ, ಇ.ಸಿ.ಜಿ.ಯ ಬೆನ್ನಿಗೇ ಎದೆಯ ಎಕ್ಸ್‌ರೇ ಬರೆಯಬೇಕಾದವರು ಅವರೇ.